ದೀಪವಾರಿಸಿ ಎದ್ದುಹೋದ ವಾದಕರು

೧೭೭೨ನೆಯ ಇಸವಿ, ಶರತ್ಕಾಲದ ಒಂದು ಸಂಜೆ. ಹಂಗೇರಿ ದೇಶದ ಎಸ್ಟರ್‌ಹಾಜಾ ಎಂಬ ಅರಮನೆಯಲ್ಲಿ ಪ್ರಭು ನಿಕೊಲಾಸ್ ಎಸ್ಟರ್‌ಹಾಜಿ ಸಂಗೀತ ಕೇಳಲು ಕುಳಿತಿದ್ದನು. ಎದುರಿಗೆ ಅವನ ಆಸ್ಥಾನದ ವಾದ್ಯವೃಂದ. ವಾದಕರ ಮುಂದೆ ಸ್ವರಲಿಪಿಯ ಹಾಳೆಗಳು. ಹಾಳೆಗಳಿಗೆ ಬೆಳಕಾಗಿ ಮೇಣದ ಬತ್ತಿಗಳು. ಆಸ್ಥಾನದ ಸಂಗೀತಾಧಿಕಾರಿಯಾದ ಯೋಸೆಫ್ ಹೈಡನ್ ತಾನು ಹೊಸದಾಗಿ ರಚಿಸಿದ ಸಿಂಫೊನಿಯೊಂದನ್ನು ಪ್ರಭುವಿಗೆ ಕೇಳಿಸುತ್ತಿದ್ದನು. ಮೂರು ಭಾಗಗಳು ಮುಗಿದು ನಾಲ್ಕನೆಯದು ರಭಸದಿಂದ ಸಾಗಿತ್ತು. ಇನ್ನೇನು ಮುಕ್ತಾಯ ಬಂದಿತು ಎನ್ನುವಷ್ಟರಲ್ಲಿ ಆ ರಭಸವೆಲ್ಲ ತಟ್ಟನೆ ನಿಂತು, ಯಾರೂ ನಿರೀಕ್ಷಿಸದಿದ್ದ ವಿಳಂಬಗತಿಯ ಸಂಗೀತವೊಂದು ಮೊದಲಾಯಿತು.

ಆಮೇಲೆ ನಡೆದುದು ಇನ್ನೂ ವಿಚಿತ್ರ. ಓಬೋ ಊದುತ್ತಿದ್ದವನೊಬ್ಬನೂ ಕೊಂಬಿನವನೊಬ್ಬನೂ ತಮ್ಮ ಪಾಲಿನ ಸ್ವರಗಳನ್ನು ಮುಗಿಸಿ, ಮುಂದಿದ್ದ ಬತ್ತಿಯನ್ನು ಆರಿಸಿ, ವಾದ್ಯವನ್ನೆತ್ತಿಕೊಂಡು ಸದ್ದಿಲ್ಲದೆ ಹೊರಟುಹೋದರು. ಸ್ವಲ್ಪ ಹೊತ್ತಿಗೆ ಬಸ್ಸೂನಿನವನು ಎದ್ದನು. ಅವನ ಹಿಂದೆ ಉಳಿದ ಓಬೋ, ಉಳಿದ ಕೊಂಬು. ಬಳಿಕ ಮಂದ್ರಸ್ವರಗಳನ್ನು ನುಡಿಸುವ ಡಬಲ್ ಬಾಸ್, ಅದರ ಹಿಂದೆ ಚೆಲ್ಲೊ. ಹಾಗೆಯೇ ಪಿಟೀಲುಗಳವರೂ ಒಬ್ಬೊಬ್ಬರಾಗಿ. ಒಂದೊಂದು ದೀಪ ಆರಿದಂತೆಲ್ಲ ಸಂಗೀತ ತೆಳುವಾಗುತ್ತ ಬಂದಿತು. ಕೊನೆಗೆ ಉಳಿದವರು ಇಬ್ಬರೇ: ಹೈಡನ್ ಮತ್ತು ಪಿಟೀಲುವಾದಕರಲ್ಲಿ ಮುಖ್ಯನಾದ ಲುಯಿಜಿ ತೊಮಾಸಿನಿ. ಆ ಎರಡು ಪಿಟೀಲುಗಳು ನಾದವನ್ನು ಕುಗ್ಗಿಸಿಕೊಂಡು, ಪಿಸುಮಾತಿನಷ್ಟೇ ಸಣ್ಣಗೆ ನುಡಿದು ಮೌನವಾದುವು.

ಒಡೆಯನಿಗೆ ಅರ್ಥವಾಯಿತು. ಮರುದಿನವೇ ಅರಮನೆಯ ಪರಿವಾರವೆಲ್ಲ ಊರಿಗೆ ಹೊರಡಲು ಅಪ್ಪಣೆಯಾಯಿತು. ಹೈಡನ್ ತನ್ನ ವೃದ್ಧಾಪ್ಯದಲ್ಲಿ ಚರಿತ್ರಕಾರರಿಗೆ ಹೇಳಿದ ಕಥೆಯಿದು. ಆ ಕೃತಿ ಅವನ ೪೫ನೆಯ ಸಿಂಫೊನಿ. ‘ವಿದಾಯದ ಸಿಂಫೊನಿ’ ಎಂದು ಇಂದಿಗೂ ಪ್ರಸಿದ್ಧವಾಗಿದೆ.

ಊಳಿಗದ ಕರಾರು

ಈ ವಿದಾಯದ ಮರ್ಮ ತಿಳಿಯಬೇಕಾದರೆ ಆ ಕಾಲದ ಸಂಗೀತಗಾರನ ಬಾಳು ಎಂಥದೆಂಬುದನ್ನು ತಿಳಿಯಬೇಕು. ಹೈಡನ್ ಹುಟ್ಟಿದುದು ೧೭೩೨ರಲ್ಲಿ, ಆಸ್ಟ್ರಿಯದ ಒಂದು ಹಳ್ಳಿಯಲ್ಲಿ. ತಂದೆ ಬಂಡಿಯ ಚಕ್ರಗಳನ್ನು ಮಾಡುವ ಕಸುಬಿನವನು. ಬಾಲಕನ ಇಂಪಾದ ಕಂಠ ಅವನನ್ನು ವಿಯೆನ್ನ ನಗರದ ದೊಡ್ಡ ಇಗರ್ಜಿಯ ಗಾಯಕರ ತಂಡಕ್ಕೆ ಕೊಂಡೊಯ್ದಿತು. ಹರೆಯ ಬಂದು ಕಂಠ ಒಡೆದಾಗ ಅಲ್ಲಿಂದ ಹೊರದೂಡಲ್ಪಟ್ಟನು. ಬಹುಕಾಲ ಕಷ್ಟಪಟ್ಟ ಮೇಲೆ ೧೭೬೧ರಲ್ಲಿ ಎಸ್ಟರ್‌ಹಾಜಿ ಮನೆತನದ ಆಸ್ಥಾನದಲ್ಲಿ ಅವನಿಗೆ ಉದ್ಯೋಗ ದೊರೆಯಿತು.

ಆಗ ಅವನು ಸಹಿ ಮಾಡಿದ ಕರಾರುಪತ್ರ ಇಂದಿಗೂ ಓದಲು ಸಿಗುತ್ತದೆ. ಪ್ರಭುವಿನ ಮುಂದೆ ನುಡಿಸುವಾಗ ಅವನೂ ಅವನ ಕೈಕೆಳಗಿನವರೂ ಸಮವಸ್ತ್ರ ಧರಿಸಿ, ಬಿಳಿಯ ಕಾಲುಚೀಲ ತೊಟ್ಟು, ತಲೆಗೆ ಪುಡಿ ಬಳಿದುಕೊಂಡು ಬರತಕ್ಕದ್ದು. ಪ್ರತಿದಿನವೂ ಮಧ್ಯಾಹ್ನಕ್ಕೆ ಮೊದಲೂ ಅನಂತರವೂ ಹೊರಕೋಣೆಯಲ್ಲಿ ಕಾದಿದ್ದು, ಇಂದು ಸಂಗೀತದ ಅಪ್ಪಣೆಯುಂಟೋ ಇಲ್ಲವೋ ಎಂದು ವಿಚಾರಿಸತಕ್ಕದ್ದು. ಒಡೆಯ ಬಯಸಿದ ರಚನೆಗಳನ್ನು ಬರೆದುಕೊಡತಕ್ಕದ್ದು. ಅವುಗಳ ಪ್ರತಿ ಮಾಡಲು ಯಾರಿಗೂ ಕೊಡಕೂಡದು. ಅನುಮತಿಯಿಲ್ಲದೆ ಅನ್ಯರಿಗಾಗಿ ಏನನ್ನೂ ರಚಿಸಕೂಡದು. ಒಂದು ಮಾತಿನಲ್ಲಿ ಹೇಳಬೇಕೆಂದರೆ, ಅವನ ಕೈಯಲ್ಲಿ ಹುಟ್ಟಿದ ರಾಗ ಅವನದಲ್ಲ.

ನಿಕೊಲಾಸ್ ದುಷ್ಟನಾಗಿರಲಿಲ್ಲ. ಸ್ವತಃ ವಾದ್ಯ ನುಡಿಸುವ ರಸಿಕ. ಹೈಡನ್ನನ ಮನೆ ಎರಡು ಸಲ ಬೆಂಕಿಗೆ ತುತ್ತಾದಾಗ ಎರಡು ಸಲವೂ ತನ್ನ ಖರ್ಚಿನಿಂದ ಕಟ್ಟಿಸಿಕೊಟ್ಟವನು. ಆದರೆ ಅವನಿಗೆ ಸರೋವರದ ಸಮೀಪದ ಜೌಗುನೆಲದಲ್ಲಿ ತಾನು ಕಟ್ಟಿಸಿದ ಹೊಸ ಅರಮನೆಯ ಮೇಲೆ ಬಲು ಮೋಹ. ಬೇಸಗೆ ಕಳೆದರೂ ಅಲ್ಲಿಂದ ಕದಲುತ್ತಿರಲಿಲ್ಲ. ವಾದಕರ ಹೆಂಡಿರು ಮಕ್ಕಳು ಇದ್ದುದು ಸುಮಾರು ನಾಲ್ವತ್ತು ಕಿಲೋಮೀಟರು ದೂರದ ಐಸೆನ್‌ಷ್ಟಾಟ್ ಪಟ್ಟಣದಲ್ಲಿ. ಆ ವರ್ಷ ಅವರಾರೂ ಹೊಸ ಅರಮನೆಯ ಕಡೆಗೆ ಒಂದು ದಿನದ ಮಟ್ಟಿಗೂ ಬರಕೂಡದೆಂದು ಆಜ್ಞೆಯಾಗಿತ್ತು. ಈ ಆಜ್ಞೆಯಿಂದ ಕೆಲವರಿಗೆ ಮಾತ್ರ ವಿನಾಯಿತಿ. ಹೈಡನ್ ಮತ್ತು ತೊಮಾಸಿನಿ ಆ ಕೆಲವರಲ್ಲಿ ಸೇರಿದವರು. ಎಲ್ಲರೂ ಎದ್ದುಹೋದ ಮೇಲೆ ಕೊನೆಯಲ್ಲಿ ಉಳಿದವರು ಈ ಇಬ್ಬರೇ ಎಂಬುದನ್ನು ವಾಚಕರು ಗಮನಿಸಬೇಕು. ಹೈಡನ್ ಕೇಳಿದುದು ತನಗಾಗಿ ಅಲ್ಲ. ಬಾಯಿಬಿಟ್ಟು ಕೇಳಲಾರದ ತನ್ನ ಸಂಗಡಿಗರಿಗಾಗಿ.

ಮನವಿ ಬರೆದಿದ್ದರೆ ಅವಿಧೇಯತೆಯಾಗುತ್ತಿತ್ತು. ಬಾಯಲ್ಲಿ ಹೇಳಿದ್ದರೆ ಉದ್ಧಟತನವಾಗುತ್ತಿತ್ತು. ಸಂಗೀತದಲ್ಲಿ ಹೇಳಿದುದರಿಂದ ಒಡೆಯನ ಘನತೆಗೂ ಕುಂದಿಲ್ಲ, ಆಳಿನ ಮಾನಕ್ಕೂ ಕುಂದಿಲ್ಲ.

ಮನೆ ಬಿಟ್ಟು ಮನೆಗೆ

ಇಲ್ಲಿ ಸಿಂಫೊನಿಯ ಸ್ವರೂಪದ ವಿಷಯವಾಗಿ ಎರಡು ಮಾತು ಅವಶ್ಯ. ನಮ್ಮ ಕಚೇರಿಗಳಲ್ಲಿ ವಿದ್ವಾಂಸರು ರಾಗವನ್ನು ಆಯಾ ಗಳಿಗೆಯಲ್ಲಿ ತಮ್ಮ ಮನೋಧರ್ಮದಂತೆ ಬೆಳೆಸುತ್ತಾರೆ. ಪಕ್ಕವಾದ್ಯಗಳು ಅವರನ್ನು ಅನುಸರಿಸುತ್ತವೆ. ಸಿಂಫೊನಿಯಲ್ಲಿ ಹಾಗಲ್ಲ. ಹತ್ತಾರು ವಾದ್ಯಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ನುಡಿಯುತ್ತವೆ. ಅವುಗಳ ಕೂಟದಿಂದ ನಾದದ ಒಂದು ಸೌಧ ಏಳುತ್ತದೆ. ಪ್ರತಿಯೊಂದು ಸ್ವರವನ್ನೂ ರಚನಕಾರ ಮೊದಲೇ ಹಾಳೆಯ ಮೇಲೆ ಬರೆದಿರುತ್ತಾನೆ. ಸಾಮಾನ್ಯವಾಗಿ ನಾಲ್ಕು ಭಾಗಗಳು: ಮೊದಲನೆಯದು ಚುರುಕಾದದ್ದು, ಎರಡನೆಯದು ನಿಧಾನದ್ದು, ಮೂರನೆಯದು ನೃತ್ಯದ ನಡೆಯುಳ್ಳದ್ದು, ನಾಲ್ಕನೆಯದು ವೇಗದ್ದು.

ಇನ್ನೊಂದು ಮುಖ್ಯವಾದ ಭೇದವಿದೆ. ನಮ್ಮ ಸಂಗೀತದಲ್ಲಿ ಆಧಾರಷಡ್ಜ ಅಚಲ. ಕಚೇರಿಯ ಮೊದಲಿನಿಂದ ಕಡೆಯವರೆಗೆ ತಂಬೂರಿ ಅದನ್ನೇ ನುಡಿಯುತ್ತಿರುತ್ತದೆ. ಸಿಂಫೊನಿಯಲ್ಲಿ ಆಧಾರವೇ ಚಲಿಸುತ್ತದೆ. ಸಂಗೀತ ಒಂದು ಶ್ರುತಿಯಲ್ಲಿ ಆರಂಭವಾಗಿ, ಅದನ್ನು ಬಿಟ್ಟು ಬೇರೆ ಬೇರೆ ಶ್ರುತಿಗಳಲ್ಲಿ ಅಲೆದು, ಕಡೆಗೆ ಹೊರಟ ಶ್ರುತಿಗೇ ಬಂದು ಸೇರುತ್ತದೆ. ಮನೆ ಬಿಟ್ಟು ಹೊರಟವನು ಊರೂರು ತಿರುಗಿ ಮನೆಗೆ ಹಿಂದಿರುಗಿದಂತೆ. ಕೇಳುಗನ ಮನಸ್ಸಿನ ಆತಂಕ, ನಿರೀಕ್ಷೆ, ನೆಮ್ಮದಿಗಳೆಲ್ಲ ಈ ಪ್ರಯಾಣವನ್ನು ಅವಲಂಬಿಸಿವೆ.

ಇದನ್ನು ತಿಳಿದು ‘ವಿದಾಯ’ವನ್ನು ಕೇಳಿದರೆ ಅದರ ಸ್ವಾರಸ್ಯ ಇಮ್ಮಡಿಯಾಗುತ್ತದೆ. ಹೈಡನ್ ಆರಿಸಿಕೊಂಡ ಶ್ರುತಿ ಆ ಕಾಲದ ಸಿಂಫೊನಿಗಳಲ್ಲಿ ಬಲು ಅಪರೂಪ; ಆಗಿನ ಕೊಂಬುಗಳಿಗೆ ಅದು ಒಗ್ಗದೆ, ಅವಕ್ಕೆ ಜೋಡಿಸಲು ವಿಶೇಷವಾದ ಕೊಳವೆಗಳನ್ನು ಮಾಡಿಸಬೇಕಾಯಿತು. ಮೊದಲ ಭಾಗದಲ್ಲಿ ಪಿಟೀಲುಗಳು ತಾರಸ್ಥಾಯಿಯಿಂದ ಕೆಳಕ್ಕೆ ಧುಮುಕುತ್ತ, ಮತ್ತೆ ಮೇಲೇರುತ್ತ, ಎಲ್ಲಿಯೂ ನಿಲ್ಲಲಾರದೆ ತಳಮಳಿಸುತ್ತವೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅಲ್ಲಿರುವುದು ಸಾಧಾರಣ ಗಾಂಧಾರದ ಛಾಯೆ. ಕೊನೆಯ ಎರಡು ಪಿಟೀಲುಗಳು ಮೌನವಾಗುವಾಗ ಷಡ್ಜ ಅದೇ; ಗಾಂಧಾರ ಮಾತ್ರ ಅಂತರ ಗಾಂಧಾರವಾಗಿ ತಿಳಿಯಾಗಿದೆ. ಅಳಲಿನಿಂದ ಹೊರಟ ಸಂಗೀತ ಅದೇ ಮನೆಗೆ ಬಂದು ಸೇರಿದೆ; ಆದರೆ ಮನೆಯೊಳಗೆ ಈಗ ಬೆಳಕಿದೆ. ದೀಪಗಳು ಆರುತ್ತಿದ್ದ ಆ ಸಭಾಂಗಣದಲ್ಲಿ ಇದನ್ನು ಕೇಳಿದವರ ಮನಸ್ಸು ಹೇಗಾಗಿರಬೇಡ!

ಅಡಿಗೆಯವರಿಗಿಂತ ಒಂದು ಮಣೆ ಮೇಲೆ

ಎಲ್ಲ ಆಳುಗಳಿಗೂ ನಿಕೊಲಾಸನಂಥ ಒಡೆಯ ಸಿಕ್ಕುವುದಿಲ್ಲ. ಎಲ್ಲರಿಗೂ ಹೈಡನ್ನನ ತಾಳ್ಮೆಯೂ ಇರುವುದಿಲ್ಲ. ಹೈಡನ್ನನಿಗಿಂತ ಇಪ್ಪತ್ತನಾಲ್ಕು ವರ್ಷ ಕಿರಿಯನಾದ ಮೊಜಾರ್ಟ್ ಸಾಲ್ಜ್‌ಬರ್ಗಿನ ಧರ್ಮಾಧಿಪತಿಯ ಊಳಿಗದಲ್ಲಿದ್ದನು. ೧೭೮೧ರಲ್ಲಿ ಒಡೆಯನ ಕರೆಯಂತೆ ವಿಯೆನ್ನಕ್ಕೆ ಹೋದಾಗ ಊಟದ ಪಂಕ್ತಿಯಲ್ಲಿ ಅವನಿಗೆ ದೊರೆತ ಸ್ಥಾನ ಖಾಸಾ ಪರಿಚಾರಕರಿಗಿಂತ ಕೆಳಗೆ, ಅಡಿಗೆಯವರಿಗಿಂತ ಮೇಲೆ. ಬಾಲ್ಯದಲ್ಲಿ ಯೂರೋಪಿನ ರಾಜರಾಣಿಯರ ಮುಂದೆ ನುಡಿಸಿ ಮೆಚ್ಚುಗೆ ಪಡೆದ ಮೊಜಾರ್ಟನು ಇದನ್ನು ಕಹಿಯಾಗಿ ತಂದೆಗೆ ಬರೆದನು. ಜಗಳ ಬೆಳೆಯಿತು. ಕೊನೆಗೆ ಒಡೆಯನ ಅಧಿಕಾರಿಯೊಬ್ಬನು ಅವನನ್ನು ಒದ್ದು ಬಾಗಿಲಾಚೆ ತಳ್ಳಿದನು. ಊಳಿಗ ಅಲ್ಲಿಗೆ ಮುಗಿಯಿತು.

ಸ್ವಾತಂತ್ರ್ಯವೇನೋ ಬಂದಿತು, ಅದರೊಡನೆ ಬಾಡಿಗೆಯ ಚಿಂತೆಯೂ ಬಂದಿತು. ೧೭೮೮ರ ಬೇಸಗೆಯ ಹೊತ್ತಿಗೆ ಮೊಜಾರ್ಟ್ ಸಾಲಕ್ಕಾಗಿ ಸ್ನೇಹಿತನೊಬ್ಬನಿಗೆ ಮೇಲಿಂದ ಮೇಲೆ ಕಾಗದ ಬರೆಯುತ್ತಿದ್ದನು. ಜೂನ್ ೨೯ರಂದು ಅವನ ಆರು ತಿಂಗಳ ಹೆಣ್ಣು ಕೂಸು ತೀರಿಕೊಂಡಿತು. ಚಕ್ರವರ್ತಿಯ ಆಸ್ಥಾನದಲ್ಲಿ ಹಿಂದಿನ ವರ್ಷದ ಕೊನೆಗೆ ಅವನಿಗೊಂದು ಹುದ್ದೆ ದೊರೆತಿತ್ತಾದರೂ ಅದರ ಕೆಲಸ ಮುಖ್ಯವಾಗಿ ನೃತ್ಯಕೂಟಗಳಿಗೆ ಸಂಗೀತ ಬರೆಯುವುದು. ಸಿಂಫೊನಿ ಅದಕ್ಕೆ ಸೇರಿದುದಲ್ಲ. ಆದರೂ ಅದೇ ಬೇಸಗೆಯಲ್ಲಿ ಅವನು ಮೂರು ಸಿಂಫೊನಿಗಳನ್ನು ಬರೆದನು. ಅವನ ಸ್ವಹಸ್ತದ ಪಟ್ಟಿಯಲ್ಲಿ ತೇದಿಗಳಿವೆ: ೩೯ನೆಯದು ಜೂನ್ ೨೬, ೪೦ನೆಯದು ಜುಲೈ ೨೫, ೪೧ನೆಯದು ಆಗಸ್ಟ್ ೧೦.

ಈ ಮೂರರಲ್ಲಿ ನಡುವಿನದು ಒಳಗೊಳಗೇ ಕುದಿಯುವ ದುಃಖದ ಕೃತಿ. ಮಗುವನ್ನು ಕಳೆದುಕೊಂಡ ತಂದೆಯ ಶೋಕವೇ ಅದು ಎಂದು ಹೇಳಿಬಿಡುವುದು ಸುಲಭ. ಆದರೆ ಅದಾದ ಎರಡೇ ವಾರಗಳಲ್ಲಿ ಮುಗಿದ ೪೧ನೆಯದು, ‘ಜ್ಯೂಪಿಟರ್’ ಎಂದು ಹೆಸರಾದದ್ದು, ಉಲ್ಲಾಸದ ಉತ್ತುಂಗ. ಅದರ ಕೊನೆಯಲ್ಲಿ ಐದು ಬೇರೆ ಬೇರೆ ಸ್ವರಪಂಕ್ತಿಗಳು ಒಂದರೊಡನೊಂದು ಹೆಣೆದುಕೊಂಡು, ಒಂದಕ್ಕೊಂದು ಅಡ್ಡಬಾರದೆ ಒಟ್ಟಿಗೆ ಓಡುತ್ತವೆ. ಸಾಲ ಅದೇ, ದುಃಖ ಅದೇ, ಮನೆಯೂ ಅದೇ. ಆದ್ದರಿಂದ ಕೃತಿಯ ಹಿನ್ನೆಲೆಯನ್ನು ಅರಿತ ಮಾತ್ರಕ್ಕೆ ಕೃತಿಯನ್ನು ಅರಿತಂತಲ್ಲ. ಹಿನ್ನೆಲೆ ನಮ್ಮನ್ನು ಬಾಗಿಲವರೆಗೆ ಕರೆತರುತ್ತದೆ; ಒಳಗೆ ಹೋಗಬೇಕಾದುದು ಕಿವಿಯಿಂದಲೇ.

ಇತ್ತ ೧೭೯೦ರಲ್ಲಿ ನಿಕೊಲಾಸ್ ತೀರಿಕೊಂಡನು. ಅವನ ಮಗ ವಾದ್ಯವೃಂದವನ್ನು ವಿಸರ್ಜಿಸಿ, ಹೈಡನ್ನನಿಗೆ ವಿಶ್ರಾಂತಿವೇತನ ಗೊತ್ತುಮಾಡಿದನು. ಐವತ್ತೆಂಟು ವಯಸ್ಸಿನ ಹೈಡನ್ ಮೊಟ್ಟಮೊದಲು ಸಮುದ್ರವನ್ನು ದಾಟಿ ಲಂಡನ್ನಿಗೆ ಹೋದನು. ಅಲ್ಲಿ ಒಬ್ಬ ಒಡೆಯನ ಸ್ಥಾನದಲ್ಲಿ ಹಣ ಕೊಟ್ಟು ಕೇಳಬಂದ ನೂರಾರು ನಾಗರಿಕರು. ಎರಡು ಪ್ರವಾಸಗಳಲ್ಲಿ ಅವರಿಗಾಗಿ ಅವನು ಹನ್ನೆರಡು ಸಿಂಫೊನಿಗಳನ್ನು ರಚಿಸಿದನು. ಅವುಗಳಲ್ಲೊಂದರ ನಿಧಾನಗತಿಯ ಭಾಗದಲ್ಲಿ ಮಕ್ಕಳ ಹಾಡಿನಂಥ ಸರಳ ರಾಗ ಮೆಲ್ಲಮೆಲ್ಲನೆ ಸಾಗುತ್ತಿರುವಾಗ, ಇಡೀ ವಾದ್ಯವೃಂದ ಧಡಕ್ಕನೆ ಒಂದೇ ಪೆಟ್ಟು ಬಾರಿಸುತ್ತದೆ! ಕರಾರುಪತ್ರದಲ್ಲಿ ಕಟ್ಟುಬಿದ್ದಿದ್ದ ಹೈಡನ್ ಈಗ ಸಭಿಕರೊಡನೆ ನಗೆಯಾಡಬಲ್ಲವನಾಗಿದ್ದನು.

ಹರಿದ ಹೆಸರು

ಲಂಡನ್ನಿನಿಂದ ಹಿಂದಿರುಗಿದ ಹೈಡನ್ನನ ಬಳಿಗೆ ೧೭೯೨ರಲ್ಲಿ ಬಾನ್ ನಗರದಿಂದ ಶಿಷ್ಯನೊಬ್ಬನು ಬಂದನು. ಇಪ್ಪತ್ತೆರಡರ ಆಸುಪಾಸಿನ ಆ ತರುಣನೇ ಲುಡ್‌ವಿಗ್ ಫಾನ್ ಬೀಥೋವನ್. ತಲೆಬಾಗುವ ಗುಣ ಅವನ ಹುಟ್ಟಿನಲ್ಲಿಯೇ ಇರಲಿಲ್ಲ. ವಿಯೆನ್ನದ ಶ್ರೀಮಂತರು ಅವನನ್ನು ಪೋಷಿಸಿದರು. ಅವನು ಅವರ ಮನೆಗಳಲ್ಲಿ ಅತಿಥಿಯಾಗಿ ಸುಳಿದನೇ ಹೊರತು ಆಳಾಗಿ ಅಲ್ಲ.

ಮುವ್ವತ್ತು ತುಂಬುವ ಮೊದಲೇ ಅವನ ಕಿವಿ ಮಂದವಾಗತೊಡಗಿತು. ೧೮೦೨ರಲ್ಲಿ ಹೈಲಿಗೆನ್‌ಷ್ಟಾಟ್ ಎಂಬ ಹಳ್ಳಿಯಲ್ಲಿದ್ದಾಗ ತಮ್ಮಂದಿರಿಗೆ ಒಂದು ಕಾಗದ ಬರೆದನು. ದೂರದ ಕೊಳಲಿನ ದನಿ ಪಕ್ಕದವನಿಗೆ ಕೇಳಿ ತನಗೆ ಕೇಳದಿದ್ದಾಗ ಆದ ಅಪಮಾನವನ್ನೂ, ಪ್ರಾಣ ಬಿಡಬೇಕೆನಿಸಿದರೂ ಕಲೆಯೊಂದೇ ತನ್ನನ್ನು ತಡೆಯಿತೆಂಬುದನ್ನೂ ಅದರಲ್ಲಿ ತೋಡಿಕೊಂಡಿದ್ದಾನೆ. ಆ ಕಾಗದವನ್ನು ಅವನು ಕಳುಹಿಸಲೇ ಇಲ್ಲ. ೧೮೨೭ರಲ್ಲಿ ಅವನು ಸತ್ತ ಮೇಲೆ ಅದು ದೊರೆಯಿತು.

ಅದರ ಮರುವರ್ಷ ಅವನು ಕೈಗೆತ್ತಿಕೊಂಡ ಮೂರನೆಯ ಸಿಂಫೊನಿ ಅದುವರೆಗಿನ ಎಲ್ಲ ಅಳತೆಗಳನ್ನೂ ಮೀರಿತು. ಹೈಡನ್ನನ ಸಿಂಫೊನಿ ಅರ್ಧ ಗಂಟೆಯೊಳಗೆ ಮುಗಿಯುತ್ತಿತ್ತು. ಇದಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕು ಕಾಲ ಬೇಕು. ಆರಂಭದಲ್ಲಿ ಎರಡು ಪೆಟ್ಟುಗಳು. ಒಡನೆಯೇ ಚೆಲ್ಲೊಗಳಲ್ಲಿ ಸರಳವಾದ ರಾಗ. ಆ ರಾಗ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ, ನಾವು ಅನ್ಯಸ್ವರವೆನ್ನುವಂಥ ಒಂದು ಸ್ವರ ನುಸುಳಿ ನೆಲವನ್ನೇ ಅದುರಿಸುತ್ತದೆ. ಎರಡನೆಯ ಭಾಗ ಶವಯಾತ್ರೆಯ ಗಂಭೀರ ನಡೆ. ವೀರನೊಬ್ಬನ ಕಥೆ ಇದು. ಯಾವ ವೀರ?

ಬೀಥೋವನ್ ಮೊದಲು ಯೋಚಿಸಿದುದು ಫ್ರಾನ್ಸಿನ ಬೊನಪಾರ್ಟೆಯ ಹೆಸರನ್ನು. ಅರಸೊತ್ತಿಗೆ ಉರುಳಿದ ದೇಶದಲ್ಲಿ ಸಾಮಾನ್ಯ ಮನೆತನದಿಂದ ಮೇಲೇರಿದ ಅವನಲ್ಲಿ ಕವಿಗಳೂ ಕಲಾವಿದರೂ ಹೊಸ ಯುಗದ ಪುರುಷನನ್ನು ಕಂಡಿದ್ದ ಕಾಲ ಅದು. ೧೮೦೪ರ ಮೇ ತಿಂಗಳಲ್ಲಿ ಬೊನಪಾರ್ಟೆ ಚಕ್ರವರ್ತಿಯೆಂದು ಘೋಷಿತನಾದ ಸುದ್ದಿ ಬಂದಿತು. ಇವನೂ ಉಳಿದವರಂತೆ ಒಬ್ಬ ನರಮನುಷ್ಯ, ಇನ್ನು ಜನರ ಹಕ್ಕುಗಳನ್ನು ತುಳಿಯುತ್ತಾನೆ ಎಂದು ಬೀಥೋವನ್ ಕೆರಳಿ ಮೇಲಿನ ಹಾಳೆಯನ್ನು ಹರಿದೆಸೆದನೆಂದು ಅವನ ಶಿಷ್ಯ ರೀಸ್ ಬರೆದಿಟ್ಟಿದ್ದಾನೆ. ಆ ಕೃತಿಯ ಮತ್ತೊಂದು ಪ್ರತಿ ವಿಯೆನ್ನದಲ್ಲಿದೆ. ಅದರ ಮೇಲಿನ ಹಾಳೆಯಲ್ಲಿ ಬೊನಪಾರ್ಟೆಯ ಹೆಸರಿದ್ದ ಸ್ಥಳವನ್ನು ಎಷ್ಟು ಬಲವಾಗಿ ಕೆರೆದಿದ್ದಾರೆಂದರೆ ಅಲ್ಲಿ ಕಾಗದವೇ ತೂತಾಗಿದೆ. ೧೮೦೬ರಲ್ಲಿ ಅಚ್ಚಾದಾಗ ಅದಕ್ಕಿದ್ದ ಹೆಸರು ‘ವೀರ ಸಿಂಫೊನಿ’. ಒಬ್ಬ ಮಹಾಪುರುಷನ ಸ್ಮರಣೆಗಾಗಿ ಎಂದಿಷ್ಟೇ ಒಕ್ಕಣೆ. ಮೊದಲ ಬಹಿರಂಗ ಕಚೇರಿಯಲ್ಲಿ, ಇದು ಮುಗಿದರೆ ಇನ್ನೊಂದು ಕಾಸು ಕೊಟ್ಟೇನು ಎಂದು ಮೇಲಂತಸ್ತಿನಿಂದ ಒಬ್ಬನು ಕೂಗಿದನೆಂದು ಪ್ರತೀತಿ. ಇಂದು ಆ ಕಾಸಿನವನ ಹೆಸರು ಯಾರಿಗೂ ತಿಳಿಯದು.

೧೮೦೯ರಲ್ಲಿ ಬೀಥೋವನ್ನನಿಗೂ ಒಂದು ಕರಾರುಪತ್ರವಾಯಿತು. ಮೂವರು ಶ್ರೀಮಂತರು ಸೇರಿ ಅವನಿಗೆ ವರ್ಷಕ್ಕೆ ೪೦೦೦ ಫ್ಲೋರಿನ್ ಕೊಡುವುದಾಗಿ ಒಪ್ಪಿದರು. ಪ್ರತಿಯಾಗಿ ಕೇಳಿದುದು ಅವನು ಆಸ್ಟ್ರಿಯದ ಸೀಮೆಯನ್ನು ಬಿಟ್ಟು ಬೇರೆಡೆ ನೆಲಸಕೂಡದು ಎಂಬುದೊಂದನ್ನೇ. ಸಮವಸ್ತ್ರವಿಲ್ಲ, ಹೊರಕೋಣೆಯಲ್ಲಿ ಕಾಯುವುದಿಲ್ಲ, ಇಂಥದನ್ನೇ ಬರೆಯಬೇಕೆಂಬ ಅಪ್ಪಣೆಯಿಲ್ಲ. ಹಣದ ಬೆಲೆ ಇಳಿದು ಆ ವರ್ಷಾಶನ ಬೇಗನೆ ಕರಗಿತೆಂಬುದು ಬೇರೆ ಮಾತು. ೧೭೬೧ರ ಪತ್ರವನ್ನೂ ೧೮೦೯ರ ಪತ್ರವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಾಲ್ವತ್ತೆಂಟು ವರ್ಷಗಳಲ್ಲಿ ಸಂಗೀತಗಾರ ನಡೆದ ದೂರ ಕಣ್ಣಿಗೆ ಕಟ್ಟುತ್ತದೆ.

ಮಾತು ಬಂದ ವಾದ್ಯವೃಂದ

೧೮೨೪ರ ಮೇ ೭ರ ರಾತ್ರಿ ವಿಯೆನ್ನದ ರಂಗಮಂದಿರದಲ್ಲಿ ಬೀಥೋವನ್ನನ ಒಂಬತ್ತನೆಯ ಸಿಂಫೊನಿ ಮೊದಲ ಬಾರಿಗೆ ನುಡಿಯಿತು. ಆ ವೇಳೆಗೆ ಅವನ ಕಿವಿ ಪೂರ್ಣವಾಗಿ ಹೋದಂತೆಯೇ. ವೇದಿಕೆಯ ಮೇಲೆ ನಿಂತು ಅವನೂ ಕೈಯಾಡಿಸುತ್ತಿದ್ದನು. ವಾದಕರು ನೋಡುತ್ತಿದ್ದುದು ಮಾತ್ರ ನಿಜವಾದ ನಿರ್ದೇಶಕನಾದ ಉಮ್ಲೌಫನನ್ನು.

ಈ ಕೃತಿಯ ನಾಲ್ಕನೆಯ ಭಾಗದಲ್ಲಿ ಹಿಂದಿನ ಮೂರು ಭಾಗಗಳ ರಾಗಗಳು ಒಂದೊಂದಾಗಿ ಇಣುಕುತ್ತವೆ. ಚೆಲ್ಲೊ ಮತ್ತು ಡಬಲ್ ಬಾಸುಗಳು, ಥೇಟು ಮನುಷ್ಯ ಮಾತನಾಡುವ ಧಾಟಿಯಲ್ಲಿ, ಒಂದೊಂದನ್ನೂ ನಿರಾಕರಿಸುತ್ತವೆ. ಆಮೇಲೆ ಅವೇ ಮಂದ್ರದಲ್ಲಿ ಅತಿ ಮೆಲ್ಲಗೆ, ಯಾವ ಮಗುವೂ ಹಾಡಬಹುದಾದ ಒಂದು ರಾಗವನ್ನು ಹಿಡಿಯುತ್ತವೆ. ರಾಗ ವಾದ್ಯದಿಂದ ವಾದ್ಯಕ್ಕೆ ಏರಿ ತುಂಬಿಕೊಂಡ ಮೇಲೆ, ಹಿಂದೆ ಯಾವ ಹೆಸರಾಂತ ಸಿಂಫೊನಿಯಲ್ಲಿಯೂ ಕೇಳದಿದ್ದುದೊಂದು ಕೇಳಿಸುತ್ತದೆ: ಮನುಷ್ಯನ ಕಂಠ. ಷಿಲ್ಲರ್ ಕವಿಯ ಆನಂದಗೀತೆಯನ್ನು ಗಾಯಕರು ಹಾಡುತ್ತಾರೆ; ಮಾನವರೆಲ್ಲರೂ ಸೋದರರಾಗುವರೆಂಬುದು ಅದರ ತಿರುಳು.

ಜನ ಕೈಚಪ್ಪಾಳೆಯಿಕ್ಕಿದರು. ಬೀಥೋವನ್ ಅವರಿಗೆ ಬೆನ್ನುಮಾಡಿ ನಿಂತಿದ್ದನು, ಅವನಿಗೇನೂ ಕೇಳಲಿಲ್ಲ. ಆಗ ಗಾಯಕಿಯರಲ್ಲೊಬ್ಬಳಾದ ಕರೋಲಿನಾ ಉಂಗರ್ ಅವನನ್ನು ಹಿಡಿದು ಸಭೆಯ ಕಡೆಗೆ ತಿರುಗಿಸಿದಳು. ಕೇಳದ ಚಪ್ಪಾಳೆಯನ್ನು ಅವನು ಕಂಡನು.

ವಾದಕರು ದೀಪವಾರಿಸಿ ಎದ್ದುಹೋದ ಆ ಸಂಜೆಗೂ ಈ ರಾತ್ರಿಗೂ ನಡುವೆ ಐವತ್ತೆರಡು ವರ್ಷ. ಅಂದು ಆಳುಗಳು ಬಾಯಿಬಿಟ್ಟು ಹೇಳಲಾರದುದನ್ನು ವಾದ್ಯಗಳು ಮೂಕವಾಗಿ ಹೇಳಿದುವು. ಇಂದು ವಾದ್ಯಗಳು ಸಾಲದೆ, ಮನುಷ್ಯನೇ ಬಾಯಿ ತೆರೆದು ಹಾಡಿದನು.

ಮೈಸೂರಿನ ಒಂದು ಎಳೆ

ಪೋಷಕರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದರ ಒಂದು ಎಳೆ ನಮ್ಮ ಮೈಸೂರಿಗೂ ಬಂದಿದೆ. ಮಹಾರಾಜರಾಗಿದ್ದ ಶ್ರೀ ಜಯಚಾಮರಾಜ ಒಡೆಯರ್ ಅವರು ಕರ್ಣಾಟಕ ಸಂಗೀತದಲ್ಲಿ ವಾಗ್ಗೇಯಕಾರರಾಗಿದ್ದಂತೆಯೇ ಪಾಶ್ಚಾತ್ಯ ಸಂಗೀತದಲ್ಲಿಯೂ ನುರಿತವರು. ರಷ್ಯ ದೇಶವನ್ನು ಬಿಟ್ಟು ಲಂಡನ್ನಿನಲ್ಲಿ ನೆಲಸಿ, ಬಹುಮಟ್ಟಿಗೆ ಮರೆತುಹೋಗಿದ್ದ ರಚನಕಾರ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ಅವರು ಹಣ ಒದಗಿಸಿದರು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವರಿಗೆ ಅರ್ಪಿಸಿದನು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ೧೯೪೯ರಲ್ಲಿ ತೀರಿಕೊಳ್ಳುವ ಮುನ್ನ ವಾದ್ಯವೃಂದದೊಡನೆ ಹಾಡಲೆಂದು ನಾಲ್ಕು ಕೊನೆಯ ಗೀತೆಗಳನ್ನು ರಚಿಸಿದ್ದನು. ೧೯೫೦ರ ಮೇ ೨೨ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಅವು ಮೊದಲ ಬಾರಿಗೆ ಕೇಳಿದ ಕಚೇರಿ ಕೂಡಿಬಂದುದು ಮೈಸೂರಿನ ಮಹಾರಾಜರ ಧನಸಹಾಯದಿಂದಲೇ. ಮರಣವನ್ನು ಎದುರುನೋಡುವ ಮುದುಕನ ಆ ವಿದಾಯಗೀತೆಗಳಿಗೆ ಮೈಸೂರಿನ ಹಣ ವೇದಿಕೆಯಾಯಿತು.

ಕೊನೆಗೆ ನನ್ನದೊಂದು ಅನುಭವ. ವಿದ್ಯಾರ್ಥಿಯಾಗಿದ್ದಾಗ ಒಂದು ರಾತ್ರಿ ರೇಡಿಯೋದಲ್ಲಿ, ಯಾವ ಕೃತಿಯೆಂದು ತಿಳಿಯದೆಯೇ, ಹೈಡನ್ನನ ‘ವಿದಾಯ’ವನ್ನು ಕೇಳುತ್ತಿದ್ದೆ. ಕೊನೆಯಲ್ಲಿ ನಾದ ಕ್ಷೀಣಿಸುತ್ತ ಬಂದಾಗ ರೇಡಿಯೋ ಕೆಟ್ಟಿತೆಂದೇ ಭಾವಿಸಿ ಗುಂಡಿಯನ್ನು ತಿರುಗಿಸಿ ತಿರುಗಿಸಿ ದನಿ ಹೆಚ್ಚಿಸಿದೆ. ಒಳಗಿನಿಂದ ತಾಯಿ, “ಅದನ್ನು ಆರಿಸಿ ಮಲಗಬಾರದೇನೋ?” ಎಂದರು. ಅಲ್ಲಿ ಆರುತ್ತಿದ್ದುದು ರೇಡಿಯೋ ಅಲ್ಲ, ಒಂದೊಂದೇ ಮೇಣದ ಬತ್ತಿ ಎಂಬುದು ನನಗೆ ತಿಳಿದುದು ಎಷ್ಟೋ ವರ್ಷಗಳ ಮೇಲೆ.

ವಾಚಕರು ಸಿಂಫೊನಿಯನ್ನು ಕೇಳಬೇಕೆಂದಿದ್ದರೆ ಅಲ್ಲಿಂದಲೇ ಆರಂಭಿಸಬಹುದು. ಕೊನೆಯ ಏಳೆಂಟು ನಿಮಿಷಗಳು ಸಾಕು. ಯಾರು ಯಾವಾಗ ಎದ್ದುಹೋದರೆಂದು ಮಕ್ಕಳೊಡನೆ ಕೂತು ಎಣಿಸಿರಿ. ನಾದ ತೆಳುವಾದಾಗ ಗುಂಡಿಗೆ ಮಾತ್ರ ಕೈಹಾಕಬೇಡಿರಿ; ವಾದಕರು ಮನೆಗೆ ಹೋಗುತ್ತಿದ್ದಾರೆ.